ಅಪ್ಪ ಅಮ್ಮ ಬೇರೆಯಾದ ಮೇಲೆ ಮಗು ಲೆಕ್ಕದಲ್ಲಿ ಮಾತ್ರ ಯಾಕೆ ಹಿಂದೆ ಬೀಳುತ್ತೆ?

ಮೂರನೇ ಕ್ಲಾಸಿನ ಅಮ್ಮ:

ನಾನೂ ಗಂಡನೂ ಈಗ ಬೇರೆ ಬೇರೆ ಮನೆಯಲ್ಲಿದ್ದೇವೆ, ಡೈವೋರ್ಸ್ ಕೇಸ್ ಇನ್ನೂ ನಡೆಯುತ್ತಿದೆ. ಮಗಳಿಗೆ ಎಂಟು ವರ್ಷ. ಓದಿನಲ್ಲಿ ಮೊದಲಿಂದಲೂ ಪರವಾಗಿಲ್ಲ. ಈಗ ನೋಡಿದರೆ, ಕಥೆ ಪುಸ್ತಕ ಕೊಟ್ಟರೆ ಮುಂಚಿನ ಹಾಗೇ ಗಡಗಡ ಓದುತ್ತಾಳೆ, ಲೆಕ್ಕದ ನೋಟ್‌ಬುಕ್ ತೆಗೆದರೆ ಮಾತ್ರ ಪೆನ್ಸಿಲ್ ತುದಿ ಕಚ್ಚುತ್ತಾ ಕೂತುಬಿಡುತ್ತಾಳೆ. ನಿನ್ನೆ 52ರಲ್ಲಿ 17 ಕಳಿ ಅಂದೆ. 45 ಅಂತ ಬರೆದಳು. ಹೇಗೆ ಬಂತು ಅಂತ ಕೇಳಿದರೆ, "ಎರಡರಲ್ಲಿ ಏಳು ಹೋಗಲ್ಲ ಅಲ್ವಾ ಅಮ್ಮ, ಅದಕ್ಕೆ ಏಳರಲ್ಲಿ ಎರಡು ಕಳೆದೆ" ಅಂದಳು.

ಟೀಚರ್ ಹತ್ತಿರ ಹೋದರೆ "ಮನೆ ಪರಿಸ್ಥಿತಿ ಹಾಗಿದೆಯಲ್ಲ, ಪಾಪ, ತಾನಾಗಿ ಸರಿಹೋಗ್ತಾಳೆ ಬಿಡಿ" ಅಂದರು. ನೆಂಟರಿಗೆ ಗೊತ್ತಾದರೆ "ಮಗುವಿನ ಮುಖ ನೋಡಿಯಾದರೂ ಸಹಿಸಿಕೊಳ್ಳಬಾರದಿತ್ತಾ" ಅನ್ನುತ್ತಾರೆ. ನಿಜವಾಗಿ ತಾನಾಗಿ ಸರಿಹೋಗುತ್ತಾ? ಇದನ್ನು ದಾಟಿ ಬಂದವರು, ಮಕ್ಕಳಿಗೆ ಪಾಠ ಹೇಳುವವರು ಯಾರಾದರೂ ಇದ್ದರೆ ಹೇಳಿ. ಸಮಾಧಾನದ ಮಾತು ಬೇಡ, ಸಾಕಷ್ಟು ಕೇಳಿದ್ದೇನೆ.

ನೇರ ಮಾತು:

ಬೇಜಾರು ಮಾಡಿಕೊಳ್ಳಬೇಡಿ ಮೇಡಂ, ನಿಮ್ಮ ನೆಂಟರು ಹೇಳಿದ್ದರಲ್ಲಿ ಅರ್ಥ ಇಲ್ಲ ಅಂತ ನನಗೆ ಅನಿಸಲ್ಲ. ಚಿಕ್ಕ ಮಕ್ಕಳಿಗೆ ಮನೆ ಅಂದರೆ ಅಪ್ಪ ಅಮ್ಮ ಇಬ್ಬರೂ. ಅದು ಒಡೆದರೆ ಪಾಠ ಎಲ್ಲಿ ತಲೆಗೆ ಹತ್ತುತ್ತೆ? ಮಕ್ಕಳ ಮೇಲಿನ ಪರಿಣಾಮ 25 ವರ್ಷ ಆದರೂ ಹೋಗಲಿಲ್ಲ ಅಂತ ಅಮೆರಿಕದಲ್ಲೇ ಅಧ್ಯಯನ ಆಗಿದೆ. ದೊಡ್ಡವರು ತಮ್ಮ ಸುಖ ನೋಡಿಕೊಳ್ಳುತ್ತಾರೆ, ಕಷ್ಟ ಮಾತ್ರ ಮಕ್ಕಳ ಪಾಲಿಗೆ.

ಅಂಕಿಅಂಶ ಪ್ರಿಯ:

ನೇರ ಮಾತು ಅವರೇ, ನೀವು ಹೇಳುತ್ತಿರುವುದು ಜುಡಿತ್ ವಾಲರ್‌ಸ್ಟೀನ್ ಅವರ ಅಧ್ಯಯನ. 1971ರಲ್ಲಿ ಶುರುವಾಗಿದ್ದು, ಕ್ಯಾಲಿಫೋರ್ನಿಯಾದ ಒಂದೇ ಕೌಂಟಿಯ 60 ಕುಟುಂಬ, 131 ಮಕ್ಕಳು. ಮಕ್ಕಳನ್ನು ಕೂರಿಸಿಕೊಂಡು ಗಂಟೆಗಟ್ಟಲೆ ಮಾತಾಡಿಸಿದರು, ಅದು ದೊಡ್ಡ ಕೆಲಸವೇ. ಆದರೆ ಶುರುವಿನಲ್ಲಿ ಹೋಲಿಸಿ ನೋಡೋಕೆ ಅಪ್ಪ ಅಮ್ಮ ಜೊತೆಗಿರುವ ಮಕ್ಕಳ ಗುಂಪೇ ಇರಲಿಲ್ಲ. ಆ ಮಕ್ಕಳು ಕಷ್ಟಪಟ್ಟರು ಅಂತ ಗೊತ್ತಾಗುತ್ತೆ. ಎಷ್ಟು ಕಷ್ಟ ಡೈವೋರ್ಸಿನಿಂದ, ಎಷ್ಟು ಸುಮ್ನೆ ಬೆಳೆಯುವ ಕಷ್ಟ ಅಂತ ಗೊತ್ತಾಗಲ್ಲ.

ದೊಡ್ಡ ಲೆಕ್ಕ ಬೇಕು ಅಂದರೆ 1991ರದ್ದು ನೋಡಿ. ಪಾಲ್ ಅಮಾಟೊ, ಬ್ರೂಸ್ ಕೀತ್ ಅಂತ ಇಬ್ಬರು ಅಲ್ಲಿಯವರೆಗೆ ಬಂದ 92 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು, 13,000ಕ್ಕೂ ಹೆಚ್ಚು ಮಕ್ಕಳು. ಅಪ್ಪ ಅಮ್ಮ ಬೇರೆಯಾದ ಮಕ್ಕಳು ಓದಿನಲ್ಲಿ ಸರಾಸರಿ ಸ್ವಲ್ಪ ಹಿಂದಿದ್ದರು, ನಿಜ. ಆದರೆ ಆ ಅಂತರ ಚಿಕ್ಕದು. ಎಷ್ಟು ಚಿಕ್ಕದು ಅಂದರೆ, ಒಂದು ಮಗುವಿನ ಮಾರ್ಕ್ಸ್ ನೋಡಿ ಆ ಮಗುವಿನ ಅಪ್ಪ ಅಮ್ಮ ಜೊತೆಗಿದ್ದಾರಾ ಇಲ್ವಾ ಅಂತ ಯಾರೂ ಹೇಳೋಕೆ ಆಗಲ್ಲ.

ಈಗ ಅಮ್ಮ ಕೇಳಿದ ಪ್ರಶ್ನೆಗೆ ಬರ್ತೀನಿ. 2011ರಲ್ಲಿ ಹ್ಯುನ್ ಸಿಕ್ ಕಿಮ್ ಅನ್ನುವವರದ್ದು ಒಂದು ಅಧ್ಯಯನ ಬಂತು. ಅಮೆರಿಕದಲ್ಲಿ 1998ರಲ್ಲಿ ಕಿಂಡರ್‌ಗಾರ್ಟನ್ ಸೇರಿದ ಮಕ್ಕಳನ್ನು ಐದನೇ ಕ್ಲಾಸಿನವರೆಗೂ ನೋಡಿಕೊಂಡು ಬಂದ ಮಾಹಿತಿ ಅದು. ಅದರಲ್ಲಿ ಸಿಕ್ಕಿದ್ದು ನೀವು ಮನೆಯಲ್ಲಿ ನೋಡುತ್ತಿರುವುದೇ! ಡೈವೋರ್ಸ್ ನಡೆಯುವ ಹೊತ್ತಿಗೆ ಮಕ್ಕಳು ಲೆಕ್ಕದಲ್ಲಿ ಹಿಂದೆ ಬಿದ್ದರು, ಓದುವುದರಲ್ಲಿ ಬೀಳಲಿಲ್ಲ. ಜೊತೆಗೆ ಆತಂಕ, ಒಂಟಿತನ, ತನ್ನ ಮೇಲೆ ತನಗೇ ನಂಬಿಕೆ ಇಲ್ಲದಿರೋದು, ಇವು ಜಾಸ್ತಿ ಆದವು. ಡೈವೋರ್ಸ್ ಮುಗಿದ ಮೇಲೆ ಲೆಕ್ಕದ ಅಂತರ ಇನ್ನೂ ದೊಡ್ಡದಾಗಲಿಲ್ಲ. ಆದರೆ ಮುಚ್ಚಿಕೊಳ್ಳಲೂ ಇಲ್ಲ. ಅಂದರೆ ಟೀಚರ್ ಹೇಳಿದ "ತಾನಾಗಿ ಸರಿಹೋಗುತ್ತೆ" ಅನ್ನೋದಿದೆಯಲ್ಲ, ಅದನ್ನು ನಂಬಿ ಕೂರಬೇಡಿ.

ಲೆಕ್ಕದ ಮೇಷ್ಟ್ರು:

ಪ್ರೈಮರಿ ಮಕ್ಕಳಿಗೆ ಲೆಕ್ಕ ಹೇಳಿಕೊಡುವವನು ನಾನು. ಮೇಲಿನ ಅಧ್ಯಯನ ನಾನು ಓದಿಲ್ಲ, ಆದರೆ ಫಲಿತಾಂಶ ಕೇಳಿ ಸ್ವಲ್ಪವೂ ಆಶ್ಚರ್ಯ ಆಗಲಿಲ್ಲ.

ಓದುವುದು ಒಮ್ಮೆ ಕೈ ಹತ್ತಿತು ಅಂದರೆ ಮಗು ಎಲ್ಲಿದ್ದರೂ ಅದು ನಡೆಯುತ್ತಿರುತ್ತೆ. ಬೋರ್ಡು, ಟಿವಿ ಮೇಲೆ ಬರುವ ಅಕ್ಷರ, ಮೊಬೈಲು, ಎಲ್ಲವೂ ಪಾಠವೇ. ಕ್ಲಾಸಿನಲ್ಲಿ ಒಂದು ಕಥೆ ತಪ್ಪಿಹೋದರೆ ಮುಂದಿನ ಕಥೆಗೆ ಏನೂ ತೊಂದರೆ ಇಲ್ಲ. ಲೆಕ್ಕ ಹಾಗಲ್ಲ, ಏಣಿ ಇದ್ದ ಹಾಗೆ, ನಡುವೆ ಒಂದು ಮೆಟ್ಟಿಲು ಇಲ್ಲದಿದ್ದರೆ ಮೇಲಿನದಕ್ಕೆ ಕಾಲೇ ಎಟುಕಲ್ಲ. ದಶಕ ಬಿಡಿಸಿ ಕಳೆಯುವುದನ್ನು ಹೇಳಿಕೊಟ್ಟ ಆ ಒಂದು ವಾರ ಮಗುವಿನ ಮೈ ಮಾತ್ರ ಕ್ಲಾಸಿನಲ್ಲಿದ್ದು ಮನಸ್ಸು "ಇವತ್ತು ಯಾರು ಕರಕೊಂಡು ಹೋಗೋಕೆ ಬರ್ತಾರೆ" ಅನ್ನುವುದರಲ್ಲಿ ಇತ್ತು ಅಂದುಕೊಳ್ಳಿ. ಆ ವಾರ ಹೋಯಿತು. ಪಾಠ ಮುಂದೆ ಹೋಯಿತು. ಭಾಗಾಕಾರ ಬಂದಾಗ ಪ್ರತಿ ಹೆಜ್ಜೆಗೂ ಕಳೆಯಬೇಕು, ಅಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ. ಆಗ ಎಲ್ಲರೂ ಸೇರಿ "ಇವಳಿಗೆ ಲೆಕ್ಕ ಬರಲ್ಲ" ಅಂತ ತೀರ್ಮಾನ ಮಾಡಿರುತ್ತಾರೆ, ಪಾಪ ಅವಳೂ ಸೇರಿ.

ನಿಮ್ಮ ಮಗಳ 45 ನೋಡಿ. ಅದು ಗಮನ ಇಲ್ಲದೆ ಬರೆದ ತಪ್ಪಲ್ಲ. ಅವಳು ಯೋಚನೆ ಮಾಡಿದ್ದಾಳೆ, ಎರಡರಲ್ಲಿ ಏಳು ಹೋಗಲ್ಲ ಅನ್ನುವವರೆಗೆ ಸರಿಯಾಗೇ ಬಂದಿದ್ದಾಳೆ. ಅಲ್ಲಿಂದ ಮುಂದಿನ ಹೆಜ್ಜೆ ಗೊತ್ತಿಲ್ಲ, ಅದಕ್ಕೆ ತಾನೇ ಒಂದು ದಾರಿ ಕಂಡುಹಿಡಿದಿದ್ದಾಳೆ. ಇದಕ್ಕೆ ಬೈಯಬೇಡಿ. ಇನ್ನೂ ಐವತ್ತು ಲೆಕ್ಕ ಹಾಕಿಸಲೂ ಬೇಡಿ, ತಪ್ಪು ದಾರಿ ಇನ್ನೂ ಗಟ್ಟಿಯಾಗುತ್ತೆ ಅಷ್ಟೆ. ಕಡ್ಡಿ ತಗೊಳ್ಳಿ. ಹತ್ತು ಹತ್ತರ ಐದು ಕಟ್ಟು ಮಾಡಿ, ಬಿಡಿ ಕಡ್ಡಿ ಎರಡು ಇಡಿ. ಹದಿನೇಳು ಕೊಡು ಅನ್ನಿ. ಬಿಡಿ ಕಡ್ಡಿ ಸಾಲಲ್ಲ, ಒಂದು ಕಟ್ಟಿನ ರಬ್ಬರ್ ಬಿಚ್ಚಲೇಬೇಕು. ಅವಳೇ ಬಿಚ್ಚಲಿ, ನೀವು ಕೈ ಹಾಕಬೇಡಿ. ಹನ್ನೆರಡು ಬಿಡಿ ಆದವು, ಏಳು ಹೋದರೆ ಐದು, ಉಳಿದ ನಾಲ್ಕು ಕಟ್ಟಿನಲ್ಲಿ ಒಂದು ಹೋದರೆ ಮೂರು. 35. ಕೈಯಲ್ಲಿ ಬಂದ ಮೇಲೆ ಪುಸ್ತಕದಲ್ಲಿ ಬರೆಸಿ. ದಿನಕ್ಕೆ ಹದಿನೈದು ನಿಮಿಷ ಸಾಕು, ಆದರೆ ದಿನಾ ಅದೇ ಹೊತ್ತಿಗೆ.

ಇನ್ನೊಂದು, ನಮ್ಮ ಟೀಚರ್ ಬಳಗಕ್ಕೇ ಹೇಳಬೇಕಾದ ಮಾತು. 1978ರಲ್ಲಿ ಸ್ಯಾಂಟ್ರಾಕ್, ಟ್ರೇಸಿ ಅನ್ನುವವರು ಟೀಚರುಗಳಿಗೆ ಎಂಟು ವರ್ಷದ ಹುಡುಗನ ಒಂದು ವಿಡಿಯೋ ತೋರಿಸಿದರು. ಅರ್ಧ ಜನಕ್ಕೆ ಇವನ ಅಪ್ಪ ಅಮ್ಮ ಡೈವೋರ್ಸ್ ಆಗಿದ್ದಾರೆ ಅಂದರು, ಇನ್ನರ್ಧಕ್ಕೆ ಜೊತೆಗಿದ್ದಾರೆ ಅಂದರು. ಹುಡುಗ ಅವನೇ, ವಿಡಿಯೋ ಅದೇ. ಡೈವೋರ್ಸ್ ಅಂತ ಕೇಳಿದವರಿಗೆ ಮಾತ್ರ ಅವನು ಅಷ್ಟು ಖುಷಿಯಾಗಿಲ್ಲ, ಒತ್ತಡ ತಡಕೊಳ್ಳಲ್ಲ ಅಂತ ಕಂಡಿತು. ಹಾಗಾಗಿ ಟೀಚರ್ "ಪಾಪ" ಅಂದಾಗ ನನಗೆ ಭಯ ಆಗುತ್ತೆ. ಪಾಪ ಅಂದುಕೊಂಡ ಮಗುವಿನ ಹತ್ತಿರ ಹೋಮ್‌ವರ್ಕ್ ಕೇಳೋದು ನಿಲ್ಲಿಸುತ್ತೇವೆ, ಪ್ರಶ್ನೆ ಕೇಳೋದು ನಿಲ್ಲಿಸುತ್ತೇವೆ. ಮಗುವಿಗೆ ಬೇಕಾಗಿರೋದು ಅದರ ಉಲ್ಟಾ.

ಎರಡು ಮನೆ ಹುಡುಗ:

ನಾನು ಎರಡನೇ ಕ್ಲಾಸಿನಲ್ಲಿದ್ದಾಗ ನಮ್ಮಪ್ಪ ಅಮ್ಮ ಬೇರೆಯಾದರು. ಈಗ ನನಗೇ ಮಕ್ಕಳಿದ್ದಾರೆ.

ನೇರ ಮಾತು ಅವರು ಹೇಳಿದ "ಒಡೆದ ಮನೆ"ಯಲ್ಲಿ ನಾನು ಎರಡೂ ಕಾಲ ನೋಡಿದ್ದೇನೆ, ಒಡೆಯೋ ಮುಂಚೆ ಮತ್ತು ಒಡೆದ ಮೇಲೆ. ಮುಂಚಿನದೇ ಕೆಟ್ಟದು. ರಾತ್ರಿ ಹೊದಿಕೆಯೊಳಗೆ ಮಲಗಿ ದನಿ ಎಷ್ಟು ಏರುತ್ತೆ ಅಂತ ಕೇಳಿಸಿಕೊಳ್ಳುತ್ತಿದ್ದೆ. ಪಾತ್ರೆ ಸದ್ದಾದರೆ ಅದು ತೊಳೆಯುವ ಸದ್ದಾ ಎಸೆದ ಸದ್ದಾ ಅಂತ ಬಿಡಿಸಿ ಹೇಳಬಲ್ಲವನಾಗಿದ್ದೆ. ಬೆಳಿಗ್ಗೆ ಕ್ಲಾಸಿನಲ್ಲಿ ನಿದ್ದೆ. ಟೀಚರ್ ಪ್ರಕಾರ ಸೋಮಾರಿ. ಬೇರೆಯಾದ ಮೇಲೆ ದುಃಖ ಇತ್ತು, ಇಲ್ಲ ಅಂತ ಹೇಳಲ್ಲ, ಆದರೆ ನಿದ್ದೆ ಬಂತು.

ಆದರೆ ಬೇರೆಯಾದ ಮೇಲೆ ಬೇರೆ ಥರ ರಗಳೆ. ನೋಟ್‌ಬುಕ್ ಯಾವಾಗಲೂ ಇನ್ನೊಂದು ಮನೆಯಲ್ಲಿ. ಮಾರ್ಕ್ಸ್ ಕಾರ್ಡ್ ಅಪ್ಪನಿಗೆ ತೋರಿಸಿದರೆ "ನಿಮ್ಮಮ್ಮ ಓದಿಸಿದ್ದು ಇಷ್ಟೇನಾ", ಅಮ್ಮನಿಗೆ ತೋರಿಸಿದರೆ "ಅವರ ಮನೆಗೆ ಹೋಗಿ ಬಂದರೆ ಹೀಗೇ". ನನ್ನ ಮಾರ್ಕ್ಸು ಅವರಿಬ್ಬರ ಜಗಳಕ್ಕೆ ಸಾಕ್ಷಿ ಆಗಿತ್ತು. ಆಮೇಲೆ ತೋರಿಸೋದನ್ನೇ ಬಿಟ್ಟೆ, ಸಹಿ ನಾನೇ ಹಾಕಿಕೊಳ್ಳುತ್ತಿದ್ದೆ. ಚೆನ್ನಾಗಿಯೇ ಹಾಕುತ್ತಿದ್ದೆ ಬಿಡಿ.

ಮೇಡಂ, ನಿಮ್ಮ ಮಗಳ ಮುಂದೆ ಅವಳ ಮಾರ್ಕ್ಸನ್ನೂ ಅವರಪ್ಪನನ್ನೂ ಒಂದೇ ಮಾತಿನಲ್ಲಿ ತರಬೇಡಿ. ಇಷ್ಟೇ ನಾನು ಹೇಳೋದು.

ನೇರ ಮಾತು:

ಹೊಡೆದಾಟ ಇರುವ ಮನೆ ಬೇರೆ, ಅದನ್ನು ನಾನೂ ಒಪ್ಪುತ್ತೇನೆ. ಎಷ್ಟೋ ಜನ "ಹೊಂದಾಣಿಕೆ ಆಗ್ತಿಲ್ಲ" ಅಂತಷ್ಟೇ ಬೇರೆಯಾಗುತ್ತಾರಲ್ಲ, ಅವರ ಮಕ್ಕಳ ಕಥೆ ಏನು? ಮಗುವಿಗೆ ಜಗಳವೇ ಕಂಡಿರಲ್ಲ. ಒಂದು ದಿನ ಇದ್ದಕ್ಕಿದ್ದಂತೆ ಅಪ್ಪ ಇಲ್ಲ. ಸರಾಸರಿ ಅಂತರ ಚಿಕ್ಕದು ಅಂದಿರಿ. ಸರಾಸರಿ ಮಗು ಯಾರ ಮನೆಯಲ್ಲಿದೆ ಸ್ವಾಮಿ?

ಅಂಕಿಅಂಶ ಪ್ರಿಯ:

ಈ ಸಲ ನಿಮ್ಮ ಮಾತಿಗೆ ಆಧಾರ ಇದೆ. 1995ರಲ್ಲಿ ಅಮಾಟೊ ಮತ್ತು ಜೊತೆಯವರು ನೋಡಿದ್ದು ಇದನ್ನೇ. ಜಗಳ ಜಾಸ್ತಿ ಇದ್ದ ಮನೆಯ ಮಕ್ಕಳು ಅಪ್ಪ ಅಮ್ಮ ಬೇರೆಯಾದ ಮೇಲೆ ದೊಡ್ಡವರಾದಾಗ ಹೆಚ್ಚು ನೆಮ್ಮದಿಯಾಗಿದ್ದರು. ಜಗಳ ಕಡಿಮೆ ಇದ್ದ ಮನೆ ಒಡೆದಾಗ ಮಕ್ಕಳಿಗೆ ಪೆಟ್ಟು ಜಾಸ್ತಿ. 2019ರಲ್ಲಿ ಜೆನ್ನಿ ಬ್ರ್ಯಾಂಡ್ ಮತ್ತು ಜೊತೆಯವರಿಗೂ ಹತ್ತಿರದ್ದೇ ಸಿಕ್ಕಿತು. ಡೈವೋರ್ಸ್ ಆಗಬಹುದು ಅಂತ ಯಾರೂ ಅಂದುಕೊಳ್ಳದ, ಅನುಕೂಲವಾಗಿದ್ದ ಮನೆಯ ಮಕ್ಕಳ ಓದಿಗೆ ಹೊಡೆತ ಬಿತ್ತು. ಮೊದಲೇ ನೂರೆಂಟು ತೊಂದರೆ ಇದ್ದ ಮನೆಯ ಮಕ್ಕಳ ಓದಿಗೆ ಡೈವೋರ್ಸಿನಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ.

ಸರಾಸರಿ ಮಗು ಇಲ್ಲ ಅನ್ನೋದೂ ನಿಜ. ಮೇವಿಸ್ ಹೆದರಿಂಗ್‌ಟನ್ ವರ್ಷಗಟ್ಟಲೆ ಕುಟುಂಬಗಳ ಬೆನ್ನು ಹತ್ತಿ ನೋಡಿದವರು. ಅವರ ಪ್ರಕಾರ ಡೈವೋರ್ಸ್ ಆದ ಮನೆಯ ಮಕ್ಕಳಲ್ಲಿ ಶೇ 20ರಿಂದ 25ರಷ್ಟು ಮಂದಿಗೆ ಗಂಭೀರ ತೊಂದರೆ ಇತ್ತು, ಜೊತೆಗಿರುವ ಮನೆಗಳಲ್ಲಿ ಇದು ಶೇ 10. ಎರಡು ಪಟ್ಟು ಅಂತ ಹೆದರಬಹುದು. ನಾಲ್ಕರಲ್ಲಿ ಮೂವರು ಚೆನ್ನಾಗಿಯೇ ಇದ್ದರು ಅಂತಲೂ ಓದಬಹುದು. ನಾನು ಎರಡನೆಯದನ್ನು ಓದುತ್ತೇನೆ, ಆದರೆ ಮೊದಲನೆಯದನ್ನು ಮರೆಯಲ್ಲ.

ಯಾರೂ ಎತ್ತದ ಒಂದು ವಿಷಯ ದುಡ್ಡು. ಒಂದೇ ಸಂಬಳದಲ್ಲಿ ಎರಡು ಬಾಡಿಗೆ ಕಟ್ಟಬೇಕು, ಚಿಕ್ಕ ಮನೆಗೆ ಹೋಗಬೇಕು, ಅಮ್ಮ ಹೆಚ್ಚು ಹೊತ್ತು ದುಡಿಯಬೇಕು. ಸಾರಾ ಮೆಕ್‌ಲನಹನ್, ಗ್ಯಾರಿ ಸ್ಯಾಂಡೆಫರ್ 1994ರಲ್ಲಿ ಲೆಕ್ಕ ಹಾಕಿದಾಗ, ಒಬ್ಬರೇ ಪೋಷಕರ ಜೊತೆ ಬೆಳೆಯುವ ಮಕ್ಕಳು ಹಿಂದೆ ಬೀಳುವುದಕ್ಕೆ ಸುಮಾರು ಅರ್ಧ ಕಾರಣ ಆದಾಯ ಕಡಿಮೆ ಇರುವುದೇ ಅಂತ ಬಂತು. ಮಕ್ಕಳ ಖರ್ಚಿನ ದುಡ್ಡು ಸರಿಯಾಗಿ ಕೊಡದ ಅಪ್ಪಂದಿರು ಇದನ್ನು ಎರಡು ಸಲ ಓದಲಿ.

ಭಾನುವಾರದ ಅಪ್ಪ:

ಓದಿದೆ. ನಾನು ದುಡ್ಡು ಕೊಡುತ್ತೇನೆ, ಸರಿಯಾಗೇ ಕೊಡುತ್ತೇನೆ. ನನ್ನ ತೊಂದರೆ ಬೇರೆ.

ಮಗ ನನ್ನ ಜೊತೆ ಇರೋದು ವಾರಕ್ಕೆ ಒಂದೂವರೆ ದಿನ. ಆ ಹೊತ್ತಲ್ಲಿ ಮಗ್ಗಿ ಹೇಳು ಅನ್ನೋಕೆ ಮನಸ್ಸು ಬರಲ್ಲ. ಸುತ್ತಾಡಿಸುತ್ತೇನೆ, ಆಟ ಆಡಿಸುತ್ತೇನೆ, ಕಳಿಸುತ್ತೇನೆ. ಅವನ ಅಮ್ಮನಿಗೆ ಅದೇ ಸಿಟ್ಟು, "ಓದಿಸಿ ಬೈಸಿಕೊಳ್ಳೋಕೆ ನಾನು, ಮುದ್ದು ಮಾಡೋಕೆ ನೀವು" ಅಂತ. ಅವಳು ಹೇಳೋದು ತಪ್ಪಲ್ಲ. ಆದರೆ ಶಾಲೆಯಲ್ಲಿ ಏನು ನಡೀತಿದೆ ಅಂತ ನನಗೆ ಗೊತ್ತೇ ಆಗಲ್ಲ. ಮೆಸೇಜ್ ಎಲ್ಲ ಅವಳ ನಂಬರಿಗೆ ಹೋಗುತ್ತೆ. ಪೋಷಕರ ಸಭೆ ಇತ್ತು ಅಂತ ಮುಗಿದ ಮೇಲೆ ತಿಳಿಯುತ್ತೆ. ಶಾಲೆಗೆ ಫೋನ್ ಮಾಡಿದರೆ "ಒಂದೇ ನಂಬರ್ ಸರ್, ಸಿಸ್ಟಮ್‌ನಲ್ಲಿ ಅಷ್ಟೇ ಇರೋದು" ಅಂದರು.

ಮಕ್ಕಳ ಜೊತೆ ಮಾತು:

ನಾನು ಮಕ್ಕಳ ಆಪ್ತ ಸಮಾಲೋಚಕಿ. ಶಾಲೆಗಳಲ್ಲಿ ಕೂತು ಕೆಲಸ ಮಾಡುತ್ತೇನೆ, ಅದಕ್ಕೆ ಒಂದೆರಡು ಮಾತು.

ಭಾನುವಾರದ ಅಪ್ಪ ಅವರೇ, ಎರಡನೇ ನಂಬರ್ ಸೇರಿಸಿ ಅಂತ ಬರವಣಿಗೆಯಲ್ಲಿ ಕೊಡಿ. ಬಾಯಿಮಾತಿಗೆ ಆಗಲ್ಲ ಅಂದದ್ದು ಕಾಗದ ಕೊಟ್ಟರೆ ಎಷ್ಟೋ ಸಲ ಆಗುತ್ತೆ. ಕೋರ್ಟಿನ ಆದೇಶದಲ್ಲಿ ಅಡ್ಡಿ ಇದ್ದರೆ ಮಾತ್ರ ಬೇರೆ ಮಾತು. ಒಂದೂವರೆ ದಿನದಲ್ಲಿ ಅರ್ಧ ಗಂಟೆ ಹೋಮ್‌ವರ್ಕಿಗೆ ಇಡಿ. ಮಗ ಮುಖ ಊದಿಸಿಕೊಳ್ಳುತ್ತಾನೆ, ಊದಿಸಿಕೊಳ್ಳಲಿ. ಓದು ಎರಡೂ ಮನೆಯಲ್ಲಿ ಇದೆ ಅಂತ ಅವನಿಗೆ ಗೊತ್ತಾಗಬೇಕು. ಸ್ವೀಡನ್ನಿನಲ್ಲಿ ಬಹಳ ಮಕ್ಕಳು ಒಂದು ವಾರ ಅಲ್ಲಿ ಒಂದು ವಾರ ಇಲ್ಲಿ ಅಂತ ಇರುತ್ತಾರೆ. 12 ಮತ್ತು 15 ವರ್ಷದ ಸುಮಾರು ಒಂದೂವರೆ ಲಕ್ಷ ಮಕ್ಕಳನ್ನು ನೋಡಿದ ಅಧ್ಯಯನ 2015ರಲ್ಲಿ ಬಂತು. ತಲೆನೋವು, ನಿದ್ದೆ ಬಾರದಿರುವುದು, ಗಮನ ಇಡಲು ಆಗದಿರುವುದು, ಇಂಥವು ಎರಡೂ ಕಡೆ ಇರುವ ಮಕ್ಕಳಿಗೆ ಒಬ್ಬರ ಜೊತೆ ಮಾತ್ರ ಇರುವವರಿಗಿಂತ ಕಡಿಮೆ ಇತ್ತು. ಒಂದು ಎಚ್ಚರ, ಹೀಗೆ ಹಂಚಿಕೊಳ್ಳೋಕೆ ಒಪ್ಪುವ ಅಪ್ಪ ಅಮ್ಮ ಮೊದಲೇ ಸ್ವಲ್ಪ ಮಾತಾಡಿಕೊಂಡು ಇರುವವರೇ ಆಗಿರುತ್ತಾರೆ. ಕಿತ್ತಾಡುವವರಿಗೆ ಇದೇ ವ್ಯವಸ್ಥೆ ಹಾಕಿದರೆ ಮಗು ಪ್ರತಿ ವಾರ ಗಡಿ ದಾಟಬೇಕು.

ಈಗ ಮೂರನೇ ಕ್ಲಾಸಿನ ಅಮ್ಮನಿಗೆ. ಆರು ಎಂಟು ವರ್ಷದ ಮಕ್ಕಳು ಬಾಯಿ ಬಿಟ್ಟು ದುಃಖ ಆಗಿದೆ ಅನ್ನಲ್ಲ. ಸೋಮವಾರ ಬೆಳಿಗ್ಗೆ ಹೊಟ್ಟೆನೋವು ಬರುತ್ತೆ. ಪೆನ್ಸಿಲ್ ಕಳೆದುಹೋಗುತ್ತೆ, ದಿನಾ. ಅವಳ ಮನಸ್ಸಿನಲ್ಲಿ "ನಾನು ಹಠ ಮಾಡಿದ್ದಕ್ಕೇ ಅಪ್ಪ ಹೋದರು" ಅನ್ನೋದು ಇದ್ದರೂ ಇರಬಹುದು. ನನ್ನ ಹತ್ತಿರ ಬರುವ ಮಕ್ಕಳಲ್ಲಿ ಇದು ಎಷ್ಟು ಸಾಮಾನ್ಯ ಅಂದರೆ, ನಾನು ಕೇಳೋಕೆ ಕಾಯಲ್ಲ, ಮೊದಲೇ ಹೇಳಿಬಿಡುತ್ತೇನೆ. ನೀವೂ ಹೇಳಿ. ಒಮ್ಮೆ ಅಲ್ಲ, ಆಗಾಗ. "ಇದು ದೊಡ್ಡವರ ವಿಷಯ. ನೀನು ಏನೋ ಮಾಡಿದ್ದಕ್ಕೆ ಆಗಿದ್ದಲ್ಲ. ಶನಿವಾರ ಅಪ್ಪ ಬರ್ತಾರೆ." ಕೊನೆಯ ವಾಕ್ಯ ತುಂಬಾ ಮುಖ್ಯ, ಮುಂದೇನು ಅಂತ ಗೊತ್ತಿದ್ದರೆ ಕ್ಲಾಸಿನಲ್ಲಿ ಅದನ್ನೇ ಯೋಚಿಸುತ್ತಾ ಕೂರಲ್ಲ. ಮೇಷ್ಟ್ರು ಹೇಳಿದ ಕಡ್ಡಿ ಲೆಕ್ಕವೂ ಈ ಮಾತೂ ಎರಡೂ ಬೇಕು. ಬರೀ ಮಾತಾಡಿಸಿದರೆ ಕಳೆಯುವ ಲೆಕ್ಕ ಬರಲ್ಲ.

ಎಂಟು ವರ್ಷದ ಮಗುವಿಗೆ ತಿಂಗಳುಗಟ್ಟಲೆ ಊಟ ಸೇರದಿದ್ದರೆ, ನಿದ್ದೆ ಇಲ್ಲದಿದ್ದರೆ, ಗೆಳತಿಯರ ಜೊತೆ ಆಟಕ್ಕೇ ಹೋಗದಿದ್ದರೆ ಕಾಯಬೇಡಿ, ಮಕ್ಕಳ ವೈದ್ಯರಿಗೆ ತೋರಿಸಿ.

ಮೂರನೇ ಕ್ಲಾಸಿನ ಅಮ್ಮ:

ಎಲ್ಲರಿಗೂ ಥ್ಯಾಂಕ್ಸ್, ನೇರ ಮಾತು ಅವರಿಗೂ ಸೇರಿ. ಹೊಟ್ಟೆನೋವು ಇದೆ, ಸೋಮವಾರವೇ. ನಾನು ಅದನ್ನು ಶಾಲೆ ತಪ್ಪಿಸೋ ನಾಟಕ ಅಂದುಕೊಂಡಿದ್ದೆ.

ಇನ್ನೆರಡು ಪ್ರಶ್ನೆ. ಟೀಚರಿಗೆ ಎಷ್ಟು ಹೇಳಬೇಕು? "ಪಾಪ" ಅನಿಸಿಕೊಳ್ಳದೆ ಹೇಗೆ ಹೇಳೋದು? ಮತ್ತೆ ಬಾಡಿಗೆ ಕಟ್ಟೋಕೆ ಆಗ್ತಿಲ್ಲ, ನಮ್ಮಮ್ಮನ ಮನೆಗೆ ಹೋಗೋ ಯೋಚನೆ ಇದೆ. ಹೋದರೆ ಶಾಲೆಯೂ ಬದಲಾಗುತ್ತೆ.

ಲೆಕ್ಕದ ಮೇಷ್ಟ್ರು:

ಮೊದಲನೆಯದಕ್ಕೆ ನಾನು ಹೇಳ್ತೀನಿ. ಕಥೆ ಹೇಳಬೇಡಿ. ಯಾರು ಏನು ಅಂದರು, ಕೋರ್ಟಲ್ಲಿ ಏನಾಯಿತು, ಟೀಚರಿಗೆ ಬೇಡ. ಅವರಿಗೆ ಬೇಕಾಗಿರೋದು ಮಗು ಈಗ ಯಾರ ಜೊತೆ ಇದೆ, ಯಾವ ದಿನ ಯಾರು ಕರಕೊಂಡು ಹೋಗುತ್ತಾರೆ, ಯಾವ ಪಾಠದಲ್ಲಿ ಸಿಕ್ಕಿಹಾಕಿಕೊಂಡಿದೆ. "ದಶಕ ಬಿಡಿಸಿ ಕಳೆಯೋದು ಬರ್ತಿಲ್ಲ, ಮನೆಯಲ್ಲಿ ದಿನಾ ಹದಿನೈದು ನಿಮಿಷ ಮಾಡಿಸ್ತಿದ್ದೀನಿ, ಎರಡು ವಾರ ಬಿಟ್ಟು ಒಂದು ಸಲ ನೋಡ್ತೀರಾ" ಅಂತ ಕೇಳಿ. ಹೀಗೆ ಕೇಳಿದರೆ ಟೀಚರಿಗೆ ಮಾಡೋಕೆ ಒಂದು ಕೆಲಸ ಸಿಗುತ್ತೆ. ಬರೀ ಕಷ್ಟ ಹೇಳಿಕೊಂಡರೆ ಅವರೂ ಅಯ್ಯೋ ಅಂದು ಸುಮ್ಮನಾಗುತ್ತಾರೆ.

ನೇರ ಮಾತು:

ಶಾಲೆ ಬದಲಿಸಬೇಡಿ ಮೇಡಂ. ಮನೆ ಹೋಯ್ತು, ಇನ್ನು ಗೆಳತಿಯರೂ ಹೋದರೆ ಏನು ಉಳಿಯುತ್ತೆ ಅವಳಿಗೆ? ಇದನ್ನು ಜಗಳಕ್ಕೆ ಹೇಳುತ್ತಿಲ್ಲ.

ಮಕ್ಕಳ ಜೊತೆ ಮಾತು:

ಆಗುವುದಾದರೆ ನೇರ ಮಾತು ಅವರು ಹೇಳಿದ್ದೇ ಸರಿ. ಮನೆ, ಅಪ್ಪ, ಶಾಲೆ ಮೂರೂ ಒಟ್ಟಿಗೆ ಬದಲಾದರೆ ಮಗುವಿಗೆ ಹಿಡಿದುಕೊಳ್ಳೋಕೆ ಹಳೆಯದು ಏನೂ ಇರಲ್ಲ. ಆದರೆ ಬಾಡಿಗೆ ಕಟ್ಟೋಕೆ ಆಗದ ಅಮ್ಮನಿಗೆ ಬದಲಿಸಬೇಡಿ ಅನ್ನೋದು ಸುಲಭದ ಮಾತು. ಅಜ್ಜಿ ಮನೆ ಅಂದರೆ ನಿಮಗೂ ಒಂದು ಆಸರೆ. ನೀವು ಸ್ವಲ್ಪ ಉಸಿರು ಬಿಡುವಂತಾದರೆ ಅವಳಿಗೂ ಒಳ್ಳೆಯದೇ. ಅಮೆರಿಕದ ಅರಿಜೋನಾದಲ್ಲಿ ಡೈವೋರ್ಸ್ ಆದ ಅಮ್ಮಂದಿರಿಗೇ ಅಂತ ಒಂದು ತರಬೇತಿ ನಡೆಸಿ ಮಕ್ಕಳನ್ನು ವರ್ಷಗಟ್ಟಲೆ ನೋಡಿದರು. ಮಗುವಿನ ಮಾತು ಕೇಳೋದು, ಒಂದೇ ಥರ ನಿಯಮ ಇಡೋದು, ಜಗಳದಿಂದ ಮಗುವನ್ನು ದೂರ ಇಡೋದು, ಇಷ್ಟೇ ಹೇಳಿಕೊಟ್ಟಿದ್ದು. ಆರು ವರ್ಷ ಆದ ಮೇಲೂ ಆ ಮಕ್ಕಳು ಉಳಿದವರಿಗಿಂತ ಚೆನ್ನಾಗಿದ್ದರು.

ಹೋಗಲೇಬೇಕು ಅಂದರೆ ವರ್ಷದ ಮಧ್ಯೆ ಬೇಡ, ಪರೀಕ್ಷೆ ಮುಗಿದು ರಜೆ ಬರಲಿ. ಹೋಗೋ ಮುಂಚೆ ಹಳೇ ಟೀಚರ್ ಹತ್ತಿರ ಲೆಕ್ಕದಲ್ಲಿ ಯಾವ ಪಾಠ ಗಟ್ಟಿ, ಯಾವುದು ಇಲ್ಲ ಅಂತ ಒಂದು ಹಾಳೆಯಲ್ಲಿ ಬರೆಸಿಕೊಂಡು ಹೊಸ ಟೀಚರಿಗೆ ಕೊಡಿ. ಗೆಳತಿಯರ ಅಮ್ಮಂದಿರ ನಂಬರ್ ಇಟ್ಟುಕೊಳ್ಳಿ. ಮತ್ತೆ ಶಾಲೆ ಬದಲಾಗುತ್ತೆ ಅನ್ನೋದನ್ನು ಅವಳಿಗೆ ನೀವೂ ಅವರಪ್ಪನೂ ಒಟ್ಟಿಗೆ ಕೂತು ಹೇಳಿ. ಆಗಲ್ಲ ಅಂದರೆ ಬೇರೆ ಬೇರೆ ದಿನ ಹೇಳಿ, ಆದರೆ ಇಬ್ಬರ ಬಾಯಲ್ಲೂ ಒಂದೇ ಕಾರಣ ಬರಲಿ.